ಹೆಬ್ಬೆಟ್ಟಿನ ಹಾಜರಿ

ಅಜ್ಜಂಪುರದ ಸ್ಟೇಷನ್ ರಸ್ತೆಯ ಗ್ರಂಥಾಲಯಕ್ಕೆ ಗುರುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಗಂಡಸರು ಬರುವಂತಿರಲಿಲ್ಲ. ಹಾಗೆಂದು ಬೋರ್ಡೇನೂ ಇರಲಿಲ್ಲ; ಬಾಗಿಲಲ್ಲಿ ಕಾಶಮ್ಮ ಕೂತಿರುತ್ತಿದ್ದಳು, ಅಷ್ಟೇ. ಪೇಪರ್ ಓದಲು ಬಂದ ಮುದುಕರು ಎದುರಿನ ಸೈಕಲ್ ಶಾಪಿನ ಕಟ್ಟೆಯ ಮೇಲೆ ಕೂತು ಗೊಣಗುವರು. ಓದಲು ಬಾರದವಳು ಒಳಗೆ, ಓದಿದವರು ಬೀದಿಯಲ್ಲಿ ಎಂದು ಯಾರಾದರೂ ಛೇಡಿಸಿದರೆ ಕಾಶಮ್ಮ ಪೊರಕೆಯನ್ನು ಹೊಸ್ತಿಲಿಗೆ ಅಡ್ಡ ಮಲಗಿಸಿ, "ದಿನಾ ಓದಿ ಏನ್ ಕಡಿದ್ ಗುಡ್ಡೆ ಹಾಕಿದೀರಿ, ಎರಡ್ ಗಂಟೆ ಸುಮ್ನೆ ಬೀದಿ ನೋಡ್ಕಂಡ್ ಕೂತ್ಕಳಿ" ಅನ್ನುವಳು.

ಕಾಶಮ್ಮ ಅಲ್ಲಿ ಕಸ ಗುಡಿಸಿ ನೀರು ತುಂಬುವವಳು. ಹುಟ್ಟಿದ್ದು ಬುಕ್ಕಾಂಬುಧಿ ಕೆರೆಯ ಹಿಂಭಾಗದ ಹಳ್ಳಿಯಲ್ಲಿ. ಗಂಡ ಈರಣ್ಣ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಹೊರುತ್ತಿದ್ದವನು, ಚಳಿಜ್ವರದಲ್ಲಿ ಹೋಗಿಬಿಟ್ಟ. ಅಲ್ಲಿಂದ ಇಳಿದು ಬಂದವಳು ಗ್ರಂಥಾಲಯದ ಹಿಂದಿನ ತಗಡಿನ ಚಪ್ಪರದಲ್ಲಿ ಒಲೆ ಹೂಡಿದ್ದಳು. ಅಕ್ಷರ ಒಂದೂ ಬಾರದು. ಆದರೆ ಯಾರಾದರೂ ಪುಸ್ತಕದ ಹೆಸರು ಹೇಳಿದರೆ ಸಾಕು, ಬೀರುವಿನ ಮುಂದೆ ಒಂದು ಗಳಿಗೆ ನಿಂತು ಬೆನ್ನಿನ ಬಣ್ಣ, ದಪ್ಪ, ಹರಿದ ಮೂಲೆ ನೋಡಿ ಅದನ್ನೇ ಎಳೆದು ಕೊಡುವಳು. ಲೈಬ್ರೇರಿಯನ್ ಷಣ್ಮುಖಪ್ಪ ಕ್ಯಾಟಲಾಗ್ ತೆಗೆಯುವ ಹೊತ್ತಿಗೆ ಪುಸ್ತಕ ಮೇಜಿನ ಮೇಲೆ ಇರುತ್ತಿತ್ತು.

ಗುರುವಾರದ ಹೆಂಗಸರ ಓದು ಶುರುವಾಗಿದ್ದು ಎಪ್ಪತ್ತಾರನೆಯ ಇಸವಿಯ ಮಳೆಗಾಲ ಮುಗಿದ ಮೇಲೆ. ಕಾಗದದ ಮೇಲೆ ಅದು ಷಣ್ಮುಖಪ್ಪನ ಕಾರ್ಯಕ್ರಮ. ನಡೆಸುತ್ತಿದ್ದವಳು ಕಾಶಮ್ಮ, ಓದುತ್ತಿದ್ದವಳು ಕಮಲಾಕ್ಷಿ. ಕಾಶಮ್ಮ ಮಧ್ಯಾಹ್ನ ಊಟವಾದ ಮೇಲೆ ಬೀಗದ ಕೈ ಗೊಂಚಲು ಹಿಡಿದು ಬೀದಿಗಿಳಿಯುವಳು. ಯಾರ ಬಾಗಿಲನ್ನೂ ತಟ್ಟುವವಳಲ್ಲ. ಮನೆ ಮುಂದೆ ನಿಂತು ಗೊಂಚಲನ್ನು ಎರಡು ಸಲ ಅಲ್ಲಾಡಿಸಿ ಮುಂದೆ ಹೋಗುವಳು. ಹೆಂಗಸರು ಹುಣಸೆಹಣ್ಣಿನ ಬುಟ್ಟಿಯನ್ನೋ ಅವರೆಕಾಯಿಯ ಮೊರವನ್ನೋ ಕಂಕುಳಲ್ಲಿಟ್ಟು ಹಿಂದೆ ಬರುವರು. ಕೆಲಸ ಕೈಯಲ್ಲಿದ್ದರೆ ಅತ್ತೆಯರು ತಡೆಯುವುದಿಲ್ಲ ಎನ್ನುವುದು ಕಾಶಮ್ಮನ ಲೆಕ್ಕ. ಗ್ರಂಥಾಲಯದ ನೆಲದ ಮೇಲೆ ಕಾಳು ಬಿಡಿಸುತ್ತ, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವರು ಪೇಪರನ್ನೂ ಕಥೆಯನ್ನೂ ಕೇಳುತ್ತಿದ್ದರು.

ಕಮಲಾಕ್ಷಿ ಬೆಂಗಳೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ಮಲ್ಲಿಕಾರ್ಜುನ ಕಡೂರಿನ ಕೊಬ್ಬರಿ ಮಂಡಿಯಲ್ಲಿ ಬರವಣಿಗೆ ಕೆಲಸಕ್ಕಿದ್ದ. ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಹೋಗುವನು. ಉಳಿದ ದಿನವೆಲ್ಲ ಅವಳು, ಅತ್ತೆ ಲಿಂಗಮ್ಮ, ಎರಡು ವರ್ಷದ ಮಗಳು ಪುಟ್ಟಿ, ಮತ್ತು ಅವಳ ಭಯ. ಪುಟ್ಟಿ ನಿದ್ದೆ ಮಾಡಿದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು. ಕೆಮ್ಮಿದರೆ ಡಿಫ್ತೀರಿಯಾ, ಕೆಮ್ಮದಿದ್ದರೆ ಇನ್ನೇನೋ. ಕುಡಿಯುವ ನೀರನ್ನು ಎರಡು ಸಲ ಕಾಯಿಸುವಳು. "ನೀರು ಸುಟ್ಟೇ ಹೋಯ್ತು, ಇನ್ ಬಿಡು" ಎಂದು ಲಿಂಗಮ್ಮ ನಗುತ್ತಿದ್ದಳೇ ಹೊರತು ಗದರಿಸುತ್ತಿರಲಿಲ್ಲ. ಪುಟ್ಟಿಗಿಂತ ಮೊದಲು ಹುಟ್ಟಿದ್ದ ಗಂಡುಮಗು ಹನ್ನೊಂದು ದಿನ ಇದ್ದು ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ನವೆಂಬರಿನಲ್ಲಿ ಗ್ರಂಥಾಲಯ ಸಪ್ತಾಹ ಬಂತು. ಗುರುವಾರದ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದರೆ ಒಂದೊಂದು ಬೂಂದಿ ಪೊಟ್ಟಣ ಹಂಚುವುದೆಂದು ಷಣ್ಮುಖಪ್ಪ ಆಸೆಪಟ್ಟ. ಎಷ್ಟು ಪೊಟ್ಟಣ ಬೇಕು ಎಂದು ತಿಳಿಯಲು ಹಾಜರಿ ಪುಸ್ತಕಕ್ಕೆ ಅಡ್ಡಗೆರೆ ಎಳೆದು ಕಾಲಂ ಮಾಡಿದ: ಹೆಸರು, ಗಂಡನ ಹೆಸರು, ವಯಸ್ಸು, ಮಕ್ಕಳೆಷ್ಟು, ರುಜು. ಕಮಲಾಕ್ಷಿ ದುಂಡಗೆ ಬರೆಯುತ್ತಾಳೆಂದು ಬರೆಯುವ ಕೆಲಸ ಅವಳಿಗೆ ಬಂತು. ಕೇಳುವ ಕೆಲಸ ಕಾಶಮ್ಮನದು. ಹದಿನಾಲ್ಕು ಜನರಲ್ಲಿ ಮೂವರು ರುಜು ಹಾಕಿದರು, ಉಳಿದವರು ಹೆಬ್ಬೆಟ್ಟು ಒತ್ತಿ, ಸೀರೆಗೆ ಒರೆಸಿಕೊಂಡರೆ ಕಲೆಯಾದೀತೆಂದು ಬಾಗಿಲ ಪಕ್ಕದ ಗೋಡೆಗೆ ಬೆರಳು ಒರೆಸಿದರು.

ಲೆಕ್ಕ ಕೂಡಿದಾಗ ಮಕ್ಕಳು ನಲವತ್ತೊಂದು. ಷಣ್ಮುಖಪ್ಪ ನಲವತ್ತೊಂದು ಪೊಟ್ಟಣ ಕಟ್ಟಿಸಿದ. ಆ ದಿನ ಬಂದ ಮಕ್ಕಳು ಇಪ್ಪತ್ತಮೂರು. ಉಳಿದವರು ಎಲ್ಲಿ ಎಂದು ಅವನು ಪಾಪ ಎಲ್ಲರ ಮುಖ ನೋಡಿದ. ಯಾರೂ ತಲೆ ಎತ್ತಲಿಲ್ಲ. ಅವನಿಗಿನ್ನೂ ಮದುವೆಯೇ ಆಗಿರಲಿಲ್ಲ, ತಿಳಿಯುವುದು ಹೇಗೆ? ಈ ಕಡೆಯ ಹೆಂಗಸನ್ನು ಮಕ್ಕಳೆಷ್ಟು ಎಂದು ಇನ್ನೊಬ್ಬ ಹೆಂಗಸು ಕೇಳಿದರೆ ಅವಳು ಹೆತ್ತದ್ದನ್ನು ಹೇಳುತ್ತಾಳೆ, ಉಳಿದದ್ದನ್ನಲ್ಲ. ಮಣ್ಣಿಗೆ ಹೋದದ್ದನ್ನು ಲೆಕ್ಕದಿಂದಲೂ ಬಿಟ್ಟರೆ ಅದು ಎರಡನೇ ಸಲ ಹೋದಂತೆ. ಕಾಶಮ್ಮ ಉಳಿದ ಹದಿನೆಂಟು ಪೊಟ್ಟಣಗಳನ್ನು ಎತ್ತಿಕೊಂಡು ತಾಯಂದಿರ ಮೊರಗಳಲ್ಲಿ, ಯಾರಿಗೆ ಎಷ್ಟು ಸಲ್ಲಬೇಕೋ ಅಷ್ಟು, ಇಟ್ಟಳು. ಕಮಲಾಕ್ಷಿಯ ಮಡಿಲಿಗೂ ಒಂದು ಬಂತು. ಅವಳು ತನ್ನ ಹೆಸರಿನ ಮುಂದೆ ಬರೆದಿದ್ದುದು ಎರಡು.

ಜೀಪು ಬಂದದ್ದು ಡಿಸೆಂಬರಿನ ಮೊದಲ ವಾರ.

ತುರ್ತು ಪರಿಸ್ಥಿತಿಯ ಕಾಲ. ಯಾವ ಊರಿಂದ ಎಷ್ಟು ಜನಕ್ಕೆ ಮಕ್ಕಳಾಗದಂತೆ ಆಪರೇಷನ್ ಆಯಿತು ಎನ್ನುವುದೇ ಎಲ್ಲ ಕಡೆ ಮಾತು. ಮೇಷ್ಟರು, ಗುಮಾಸ್ತರು, ಯಾರು ಸಿಕ್ಕಿದರೆ ಅವರಿಗೆ ಇಂತಿಷ್ಟು ಕೇಸು ತರಬೇಕೆಂದು ಹೇಳುತ್ತಿದ್ದರು. ಜೀಪಿನಿಂದ ಇಳಿದವನು ಸಫಾರಿ ತೊಟ್ಟ ಎತ್ತರದ ಆಳು, ಯಾವ ಇಲಾಖೆಯೆಂದು ಹೇಳಲಿಲ್ಲ, ಕೇಳುವ ಧೈರ್ಯ ಷಣ್ಮುಖಪ್ಪನಿಗೆ ಬರಲಿಲ್ಲ. ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಅವನು ಸುಮ್ಮನೆ ತಿರುವಿದ. ತಿರುವುತ್ತ ತಿರುವುತ್ತ ಕುರ್ಚಿ ಎಳೆದುಕೊಂಡು ಕೂತ. ಹೆಸರು, ಗಂಡನ ಹೆಸರು, ವಯಸ್ಸು, ಮಕ್ಕಳೆಷ್ಟು, ಮುಂದೆ ಹೆಬ್ಬೆಟ್ಟು. ನಾವು ಆರು ತಿಂಗಳಿಂದ ಬೆವರು ಸುರಿಸಿ ಮಾಡಲಾಗದ್ದನ್ನು ನೀನು ಬೂಂದಿ ಕೊಟ್ಟು ಮಾಡಿಬಿಟ್ಟಿದ್ದೀಯಲ್ಲಯ್ಯ ಎಂದು ನಕ್ಕ. ತಿಂಗಳ ಕೊನೆಗೆ ಗ್ರಂಥಾಲಯದ ಕಡೆಯಿಂದ ಒಂದು ಕೇಸಾದರೂ ಬರಬೇಕು, ಬಾರದಿದ್ದರೆ ಈ ಪುಸ್ತಕ ಕೊಡಬೇಕು, ಮನೆಮನೆಗೆ ನಾವೇ ಹೋಗುತ್ತೇವೆ ಎಂದ. ನನಗೆ ಮದುವೆಯೇ ಆಗಿಲ್ಲ ಸಾರ್ ಎಂದು ಷಣ್ಮುಖಪ್ಪ ತೊದಲಿದ್ದಕ್ಕೆ, "ಆಗ್ದಿದ್ರೇನು, ಮೊದ್ಲೇ ಮಾಡಿಸ್ಕೊಂಡ್ರೆ ಸಲೀಸು" ಎಂದು ಭುಜ ತಟ್ಟಿ ಹೋದ.

ಮಾರನೆಯ ದಿನ ಪುಸ್ತಕ ವಾಪಸು ಮಾಡಲು ಬಂದ ಕಮಲಾಕ್ಷಿಗೆ ಷಣ್ಮುಖಪ್ಪ ಇದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದ. ಹದಿನಾಲ್ಕೂ ಸಾಲು ಅವಳ ದುಂಡನೆಯ ಅಕ್ಷರ. ಒಂದೇ ಮಗು ಉಳಿದವಳ ಮುಂದೆ ಮೂರು, ಎರಡು ಹೆಣ್ಣಿರುವ ಕರಿಬಸಮ್ಮನ ಮುಂದೆ ಐದು, ತನ್ನ ಮುಂದೆ ಎರಡು. ಎರಡು ಇದ್ದವರಿಗೆ ಇನ್ನು ಸಾಕು ಎಂದು ಆಪರೇಷನ್ನಿಗೆ ಎಳೆಯುತ್ತಾರಂತೆ. ಹಾಳೆ ಹರಿದುಬಿಡಿ ಎಂದಳು. ಪ್ರತಿ ಹಾಳೆಗೂ ನಂಬರಿದೆ, ಹರಿದರೆ ನನ್ನ ಕೆಲಸ ಹೋಗುತ್ತದೆ, ಕೆಲಸ ಹೋದ ಮೇಲೂ ಅವನು ಬಿಡುವುದಿಲ್ಲ ಎಂದು ಷಣ್ಮುಖಪ್ಪ ಕಣ್ಣೊರೆಸಿಕೊಂಡ.

ಜೀಪು ನಿಂತದ್ದನ್ನು ಸೈಕಲ್ ಶಾಪಿನ ಕಟ್ಟೆ ನೋಡಿತ್ತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ಇದ್ದದ್ದಕ್ಕಿಂತ ದೊಡ್ಡದಾಗಿ. ಲೈಬ್ರರಿಯಲ್ಲಿ ಹೆಬ್ಬೆಟ್ಟು ಒತ್ತಿದವರೆಲ್ಲ ಆಪರೇಷನ್ನಿಗೆ ಒಪ್ಪಿಗೆ ಕೊಟ್ಟ ಹಾಗೆ, ಇನ್ನು ಮನೆ ಬಾಗಿಲಿಗೇ ಬಂದು ಎತ್ತಿ ಹಾಕಿಕೊಂಡು ಹೋಗುತ್ತಾರೆ ಎಂದು. ಆ ಗುರುವಾರ ಕಾಶಮ್ಮ ಗೊಂಚಲು ಅಲ್ಲಾಡಿಸಿದರೆ ಒಂದು ಬಾಗಿಲೂ ತೆರೆಯಲಿಲ್ಲ. ಕರಿಬಸಮ್ಮ ಎರಡೂ ಹೆಣ್ಣುಮಕ್ಕಳನ್ನು ಲಕ್ಕವಳ್ಳಿಯ ತವರಿಗೆ ಕಳಿಸಿ, ಒಳಗಿನಿಂದ ಅಗಳಿ ಹಾಕಿಕೊಂಡಿದ್ದಳು.

ಅವಳ ಗಂಡ ದೇವೀರಪ್ಪ ಕಮಲಾಕ್ಷಿಯ ಮನೆಗೇ ಬಂದ. ಪುಟ್ಟಿಗೆ ತುತ್ತು ಕೊಡುತ್ತಿದ್ದವಳು ಎದ್ದು ನಿಂತಳು. ಅವನು ಜೋರು ಮಾಡಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

"ಬರ್ದೋಳು ನೀನೇ ಅಂತಲ್ಲಮ್ಮ."

"ಹೌದು."

"ನಮ್ಮನೇಲಿ ಐದ್ ಮಕ್ಳು ಎಲ್ಲವ್ರೆ? ತೋರ್ಸು. ನಾನೂ ನೋಡ್ಬೇಕು ಅವ್ರನ್ನ."

ಲಿಂಗಮ್ಮ ಅಡುಗೆಮನೆಯಿಂದ ಬಂದು, ನಿನ್ನ ಹೆಂಡತಿ ಹೇಳಿದ್ದನ್ನು ಅವಳು ಬರೆದಳು, ಏನಾದರೂ ಬಂದರೆ ಮೊದಲು ನಮ್ಮ ಬಾಗಿಲಿಗೇ ಬರುತ್ತದೆ, ಹೋಗಪ್ಪ ಎಂದು ಕಳಿಸಿದಳು. ಅವನು ಹೋದ ಮೇಲೆ ಸೊಸೆಯ ಕಡೆ ತಿರುಗಿ, "ನಿಂದೆಷ್ಟು ಬರ್ಕಂಡಿದೀಯೇ ಕಮಲಿ?" ಎಂದಳು. ಎರಡು ಎಂದು ಕೇಳಿದಾಗ ಮುದುಕಿ ಬೈಯಲಿಲ್ಲ. ಗೋಡೆಗೆ ಒರಗಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಈ ಮನೆಗೆ ಇನ್ನೊಂದು ಕೂಸು ಬೇಕೆಂದು ಅವಳು ಹೊತ್ತ ಹರಕೆಗಳು ಕಮಲಾಕ್ಷಿಗೆ ಗೊತ್ತಿದ್ದವು. ತನಗೂ ಬೇಕಿತ್ತು. ಎಷ್ಟು ಬೇಕಿತ್ತು ಎನ್ನುವುದು ಅವತ್ತೇ ಅವಳಿಗೆ ತಿಳಿದದ್ದು.

ಅಲ್ಲಿಂದ ಮುಂದೆ ಬೀದಿಯಲ್ಲಿ ಯಾವ ಮೋಟಾರಿನ ಸದ್ದಾದರೂ ಪುಟ್ಟಿಯನ್ನು ಎತ್ತಿಕೊಂಡು ಹಿತ್ತಲಿಗೆ ಓಡುವಳು. ರೈಸ್ ಮಿಲ್ಲಿನ ಲಾರಿಗೂ ಓಡಿದಳು. ಶನಿವಾರ ಬಂದ ಗಂಡನಿಗೆ ಹೇಳಿದಳು. ಅವನು ಯೋಚಿಸಿ, ಬೆಂಗಳೂರಿಗೆ ಅಪ್ಪನ ಮನೆಗೆ ಹೋಗಿರು ಎಂದ. ಹೋಗಬಹುದಿತ್ತು. ಆದರೆ ಉಳಿದ ಹದಿಮೂರು ಜನ ಎಲ್ಲಿಗೆ ಹೋಗಬೇಕು? ಬರೆದವಳು ಓಡಿಹೋದಳು ಎಂದು ಊರು ಹೇಳದೆ ಬಿಡುತ್ತದೆಯೇ? ಇರುವುದಕ್ಕೂ ಭಯ, ಹೋಗುವುದಕ್ಕೂ ಭಯ. ಟ್ರಂಕು ತೆರೆದು ಸೀರೆ ಜೋಡಿಸುವಳು, ಮತ್ತೆ ತೆಗೆದು ಹಗ್ಗಕ್ಕೆ ಹಾಕುವಳು.

ತಿಂಗಳು ಮುಗಿಯಲು ಐದು ದಿನ ಇದ್ದಾಗ, ಬೆಳಿಗ್ಗೆ ಹಾಲು ಕರೆಯುವ ಹೊತ್ತಿನಲ್ಲಿ ಕಾಶಮ್ಮ ಹಿತ್ತಲ ಬಾಗಿಲಿಗೆ ಬಂದಳು. ಸೆರಗಿನೊಳಗೆ ಹಾಜರಿ ಪುಸ್ತಕ.

"ಓದು. ಕೊನೇ ಸಾಲು."

ಕಮಲಾಕ್ಷಿ ಓದಿದಳು. ಕಾಶಮ್ಮ, ಗಂಡ ಈರಣ್ಣ, ವಯಸ್ಸು ನಲವತ್ತು, ಮಕ್ಕಳು ನಾಲ್ಕು. ಅವತ್ತು ಎಲ್ಲರದೂ ಆದ ಮೇಲೆ ನಿಂದೂ ಇರಲಿ ಎಂದು ಅವಳೇ ಬರೆದದ್ದು. ವಯಸ್ಸು ಗೊತ್ತಿಲ್ಲ ಎಂದಾಗ ಅಂದಾಜಿಗೆ ನಲವತ್ತು ಹಾಕಿದ್ದಳು, ಐವತ್ತಕ್ಕೆ ಕಡಿಮೆಯಿರಲಿಲ್ಲ. ಗಂಡನ ಹೆಸರು ಕೇಳಿದಾಗ ಕಾಶಮ್ಮ ಈರಣ್ಣ ಎಂದಷ್ಟೇ ಹೇಳಿದ್ದಳು, ತೀರಿಕೊಂಡ ಮಾತನ್ನಾಗಲೀ, ನಾಲ್ಕು ಮಕ್ಕಳಲ್ಲಿ ಒಂದೂ ಉಳಿಯದ ಮಾತನ್ನಾಗಲೀ ಸೇರಿಸಿರಲಿಲ್ಲ.

"ಗಂಡ ಅವ್ನೆ, ನಾಕ್ ಮಕ್ಳವೆ, ವಯಸ್ಸೂ ಸರಿಯಾಗೈತೆ" ಎಂದಳು ಕಾಶಮ್ಮ. "ನಿನ್ ಪುಸ್ತಕದಾಗೆ ನನ್ನಂಥ ಮುತ್ತೈದೆ ಇನ್ಯಾರವ್ಳೆ ಹೇಳು. ಒಂದ್ ಕೇಸು ಕೇಳ್ದ, ಕೊಟ್ರಾಯ್ತು. ಪುಸ್ತಕ ಇಲ್ಲೇ ಉಳೀತದೆ."

ಕಮಲಾಕ್ಷಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೇಡ ಎಂದಳು. ಈ ವಯಸ್ಸಿಗೆ ಹೊಟ್ಟೆ ಕುಯ್ಯುವುದು ಹುಡುಗಾಟವಲ್ಲ, ರಕ್ತ ಹೋಗುತ್ತದೆ, ಕೀವು ಆಗುತ್ತದೆ, ಹೀಗೆ ಸತ್ತವರಿದ್ದಾರೆ ಎಂದು ತನಗೆ ಗೊತ್ತಿದ್ದ ಭಯಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಕಾಶಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ನನ್ ಹೊಟ್ಟೆಗೆ ಇನ್ನೇನ್ ಕೆಲ್ಸ ಐತೆ, ಸುಮ್ನಿರು. ಹಿಂದೆ ಒಂದ್ಸಲ ನಮ್ ಭಾವ ಕಾಗ್ದ ಹಿಡ್ಕಂಡ್ ಬಂದ, ಒತ್ತು ಅಂದ, ಒತ್ತಿದೆ. ತೆಂಗಿನ ತೋಟದ ಪಾಲು ಹೋಯ್ತು. ಏನಕ್ ಒತ್ತಿದೆ ಅಂತ ಗೊತ್ತಿರ್ಲಿಲ್ಲ. ಈಗ ಗೊತ್ತಿದ್ದೇ ಒತ್ತೀನಿ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಕುಯ್ಯೋವಾಗ ಎಚ್ರ ಇರ್ತದಾ?"

ಕಮಲಾಕ್ಷಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು.

ಕಾಶಮ್ಮ ಮಡಿಚಿದ ಫಾರಂ ತೆಗೆದು ಕಟ್ಟೆಯ ಮೇಲಿಟ್ಟಳು. ಷಣ್ಮುಖಪ್ಪ ಕೊಟ್ಟಿದ್ದ, ತುಂಬುವುದು ಮಾತ್ರ ತನ್ನಿಂದಾಗದು ಎಂದಿದ್ದನಂತೆ. ಕಮಲಾಕ್ಷಿ ಪೆನ್ನು ತಂದಳು. ತರುವಾಗ ನಡುಮನೆಯಲ್ಲಿ ಪುಟ್ಟಿ ಮಲಗಿದ್ದದ್ದು ಕಂಡಿತು, ಉಸಿರು ನೋಡದೆ ದಾಟಿದಳು. ಬರೆಯದೆ ಇರಬಹುದಿತ್ತು. ಹೋಗಲಿ, ಐವತ್ತು ಎಂದು ಬರೆದಿದ್ದರೂ ವಯಸ್ಸು ಮೀರಿತೆಂದು ಅವರೇ ವಾಪಸು ಕಳಿಸುತ್ತಿದ್ದರು. ಕಾಶಮ್ಮನಿಗೆ ಓದಲು ಬಾರದು, ತಿಳಿಯುತ್ತಿರಲಿಲ್ಲ. ಬೆರಳಿನ ತುದಿಯಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಕಾಶಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು, ಬೀರುವಿನ ಮುಂದೆ ನಿಂತು ಪುಸ್ತಕದ ಬೆನ್ನು ನೋಡುವ ಹಾಗೆ. ಕಮಲಾಕ್ಷಿ ನಲವತ್ತು ಎಂದು ದುಂಡಗೆ ಬರೆದಳು.

ಕ್ಯಾಂಪು ತರೀಕೆರೆಯ ಒಂದು ಛತ್ರದಲ್ಲಿ. ಬುಧವಾರ ಬೆಳಗಿನ ಬಸ್ಸಿಗೆ ಷಣ್ಮುಖಪ್ಪನೇ ಕರೆದುಕೊಂಡು ಹೋದ. ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಲಿಂಗಮ್ಮ ಏನೂ ಕೇಳದಿದ್ದರೂ ಎಲ್ಲ ಗೊತ್ತಿದ್ದವಳ ಹಾಗೆ ದೇವರ ಮುಂದೆ ದೀಪ ಆರದಂತೆ ನೋಡಿಕೊಂಡಳು. ಶುಕ್ರವಾರ ಮಧ್ಯಾಹ್ನ ಕಮಲಾಕ್ಷಿ ಪುಟ್ಟಿಯನ್ನು ಸೊಂಟಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ತರೀಕೆರೆಯಿಂದ ಬಂದ ಬಸ್ಸಿನಿಂದ ಎಲ್ಲರೂ ಇಳಿದರು, ಅವರಿಬ್ಬರು ಇರಲಿಲ್ಲ. ಕಂಡಕ್ಟರನ್ನು ಕೇಳಿದರೆ, ಛತ್ರದಲ್ಲಿ ಯಾರೋ ಹೆಂಗಸಿಗೆ ರಕ್ತ ನಿಲ್ಲಲಿಲ್ಲವಂತೆ, ಶಿವಮೊಗ್ಗಕ್ಕೆ ಸಾಗಿಸಿದರಂತೆ, ಯಾವ ಊರಿನವಳೋ ಎಂದ. ಮುಂದಿನ ಬಸ್ಸಿಗೆ ಎರಡು ಗಂಟೆ. ಆ ಎರಡು ಗಂಟೆ ಅವಳು ಬೇವಿನ ಮರದ ಕೆಳಗೆ ನಿಂತೇ ಇದ್ದಳು. ತಾನು ಬರೆದ ಅಂಕಿ ಕಣ್ಣೆದುರಿಗೆ ಬಂದು ಬಂದು ಹೋಗುತ್ತಿತ್ತು. ಪುಟ್ಟಿ ಅತ್ತಿತು, ಬಾಳೆಹಣ್ಣು ಕೇಳಿತು, ಹೆಗಲ ಮೇಲೆ ನಿದ್ದೆ ಹೋಯಿತು. ಯಾವುದೂ ಅವಳಿಗೆ ಸರಿಯಾಗಿ ತಿಳಿಯಲಿಲ್ಲ.

ಎರಡನೆಯ ಬಸ್ಸಿನಿಂದ ಷಣ್ಮುಖಪ್ಪ ಮೊದಲು ಇಳಿದು ಕೈ ಚಾಚಿದ. ಕಾಶಮ್ಮ ಒಂದೊಂದೇ ಮೆಟ್ಟಿಲು ಇಳಿದಳು, ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು. ಮುಖ ಬೂದಿಯ ಬಣ್ಣ. ಕಮಲಾಕ್ಷಿಯನ್ನು ಕಂಡು, "ಎಚ್ರ ಇರ್ತದೆ ಕಣವ್ವ" ಎಂದಳು.

ಜೀಪಿನವನು ಬಂದು ಆಪರೇಷನ್ನಿನ ಚೀಟಿ ನೋಡಿ ತಲೆಯಾಡಿಸಿದ. ಪುಸ್ತಕ ಕೇಳಲಿಲ್ಲ. ಹೋಗುವಾಗ ಮಾತ್ರ, ಮುಂದಿನ ತಿಂಗಳು ನೋಡೋಣ ಎಂದ. ಆ ಮಾತು ಷಣ್ಮುಖಪ್ಪನ ಬಾಯಿಂದ ಕಮಲಾಕ್ಷಿಗೆ, ಅವಳ ಮೌನದಿಂದ ಲಿಂಗಮ್ಮನಿಗೆ ತಲುಪಿತು. ಕಾಶಮ್ಮನಿಗೆ ಯಾರೂ ಹೇಳಲಿಲ್ಲ. ಅವಳಿಗೆ ಜ್ವರ. ತಗಡಿನ ಚಪ್ಪರದಲ್ಲಿ ಹಗಲು ಹೊತ್ತು ಬೇಯುತ್ತಿದ್ದುದರಿಂದ ಷಣ್ಮುಖಪ್ಪ ಚಾಪೆಯನ್ನು ಗ್ರಂಥಾಲಯದ ಒಳಗೆ, ಬೀರುಗಳ ನಡುವೆ ಹಾಸಿಕೊಟ್ಟಿದ್ದ. ಕಮಲಾಕ್ಷಿ ಎರಡು ಹೊತ್ತು ಗಂಜಿ ಒಯ್ದಳು. ಗಾಯದ ಬಟ್ಟೆ ಬದಲಿಸುವಾಗ ಕೆಂಪು ಎಲ್ಲಿಯವರೆಗೆ ಹರಡಿದೆ ಎಂದು ಬೆರಳಿನಿಂದ ಅಳೆಯುವಳು; ನಿನ್ನೆಗಿಂತ ಒಂದು ಗೆರೆ ಹೆಚ್ಚೋ, ಕಡಿಮೆಯೋ.

ಗುರುವಾರ ಬಂತು. ಮೂರು ಗಂಟೆಗೆ ಕಾಶಮ್ಮ ಚಾಪೆಯಿಂದ ಏಳಲು ನೋಡಿದಳು, ಆಗಲಿಲ್ಲ. ತಾನು ಎಲ್ಲಿಗೆ ಹೋಗಿ ಬಂದೆನೆಂದು ಯಾರಿಗೂ ಹೇಳಿರಲಿಲ್ಲ ಅವಳು, ಹೇಳಬಾರದೆಂದು ಕಮಲಾಕ್ಷಿಯ ಹತ್ತಿರವೂ ಆಣೆ ಮಾಡಿಸಿಕೊಂಡಿದ್ದಳು. ಆದರೆ ಸೈಕಲ್ ಶಾಪಿನ ಕಟ್ಟೆಗೆ ಕಣ್ಣಿರಲಿಲ್ಲವೇ? ಮುದುಕರು ಅವತ್ತು ತಾವಾಗಿಯೇ ಹೊರಗೆ ಕೂತಿದ್ದರು, ಹೊಸ್ತಿಲಿಗೆ ಪೊರಕೆ ಇಲ್ಲದಿದ್ದರೂ.

ಕಮಲಾಕ್ಷಿ ಬೀಗದ ಕೈ ಗೊಂಚಲು ತೆಗೆದುಕೊಂಡಳು. ಬೀದಿಯಲ್ಲಿ ಒಬ್ಬಳೇ ಹೀಗೆ ಹೋದವಳಲ್ಲ. ಮನೆ ಮುಂದೆ ನಿಂತು ಕಾಶಮ್ಮನ ಹಾಗೆ ಎರಡು ಸಲ ಅಲ್ಲಾಡಿಸಿದಳು. ಮೊದಲ ಎರಡು ಮನೆ ಸುಮ್ಮನಿದ್ದವು. ಮೂರನೆಯದು ಕರಿಬಸಮ್ಮನದು. ಅಗಳಿ ಸರಿದ ಸದ್ದು ಕೇಳಿತು, ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು.

"ಹೆಬ್ಬೆಟ್ಟು ಒತ್ಬೇಕಾ?"

"ಬೇಡ."

"ಮಕ್ಳೆಷ್ಟು ಅಂತ ಕೇಳ್ತೀರಾ?"

"ಇಲ್ಲ. ಬರೆಯೋದೇ ಇಲ್ಲ ಏನೂ."

ಕರಿಬಸಮ್ಮ ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. "ಜ್ವರ ಇಳೀತಾ ಆ ಯಮ್ಮಂಗೆ?" ಎಂದು ಕೇಳಿದಳು. ಇನ್ನೂ ಇಲ್ಲ ಎಂದಾಗ ಒಳಗೆ ಹೋಗಿ ಅವರೆಕಾಯಿಯ ಮೊರವನ್ನೂ, ಒಂದು ಚೊಂಬು ಬೆಲ್ಲದ ನೀರನ್ನೂ ತಂದಳು.

ಅವತ್ತು ಬಂದವರು ಆರು ಜನ. ಬಾಗಿಲ ಕಡೆ ಬೆನ್ನು ಹಾಕದೆ, ಗೋಡೆಗೆ ಒತ್ತಿಕೊಂಡು ಕೂತರು. ಚಾಪೆಯ ಮೇಲಿಂದ ಕಾಶಮ್ಮ ಯಾವ ಬೀರುವಿನ ಯಾವ ಪುಸ್ತಕ ಎಂದು ಬೆರಳು ತೋರಿಸಿದಳು. ಕಮಲಾಕ್ಷಿ ಓದಲು ಶುರುಮಾಡಿದಳು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ಮೋಟಾರಿನ ಸದ್ದು ಕೇಳಿತು. ಆರೂ ಜನರ ಕೈ ಮೊರದಲ್ಲೇ ನಿಂತಿತು. ಕಮಲಾಕ್ಷಿ ಓದು ನಿಲ್ಲಿಸಿದಳು. ಸದ್ದು ಹತ್ತಿರವಾಯಿತು.

"ಓದು" ಎಂದಳು ಕಾಶಮ್ಮ.

ಕಮಲಾಕ್ಷಿ ಬಾಗಿಲ ಕಡೆ ಒಮ್ಮೆ ನೋಡಿ ಮುಂದಿನ ಸಾಲು ಓದಿದಳು.